ಕೋಲ್ಟ್, ಸ್ಮಿತ್ ಅಂಡ್ ವೆಸನ್, ವೆಬ್ಲಿ: ಹಳೆಯ ದೊಡ್ಡ ರಿವಾಲ್ವರ್‌ಗಳಲ್ಲಿ ಯಾವುದು ಕೈಗೆ ಒದಗುತ್ತದೆ?

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅದರ ಸೈನ್ಯಕ್ಕೆ ಸಾಕಾಗುವಷ್ಟು ಮಾಡೆಲ್ 1911 ಎಂಬ ಪಿಸ್ತೂಲುಗಳಿರಲಿಲ್ಲ. ಆ ಕೊರತೆ ತುಂಬಲು ಕೋಲ್ಟ್ ಕಂಪನಿ ತನ್ನ ನ್ಯೂ ಸರ್ವೀಸ್ ರಿವಾಲ್ವರನ್ನೂ, ಸ್ಮಿತ್ ಅಂಡ್ ವೆಸನ್ ತನ್ನ .44 ಹ್ಯಾಂಡ್ ಇಜೆಕ್ಟರನ್ನೂ .45 ಎಸಿಪಿ ತೋಟೆಗೆ, ಅಂದರೆ ಆ ಪಿಸ್ತೂಲಿನ ತೋಟೆಗೇ, ಹೊಂದಿಸಿ ಕೊಟ್ಟವು. ಎರಡಕ್ಕೂ ಮಾಡೆಲ್ 1917 ಎಂಬ ಒಂದೇ ಹೆಸರು, ಒಂದೇ 5.5 ಇಂಚಿನ ನಳಿಗೆ. ಎರಡೂ ತಲಾ ಸುಮಾರು ಒಂದೂವರೆ ಲಕ್ಷದಷ್ಟು ತಯಾರಾದವು. ಬ್ರಿಟನ್ನಿನ ವೆಬ್ಲಿ ಮಾರ್ಕ್ 6 ಅವುಗಳಿಗಿಂತ ಎರಡು ವರ್ಷ ಮೊದಲು, 1915ರಲ್ಲಿ ಸೈನ್ಯ ಸೇರಿತ್ತು. ಅದರದು 6 ಇಂಚಿನ ನಳಿಗೆ, .455 ತೋಟೆ. ಈಗಲೂ ರೇಂಜಿಗೆ ಒಯ್ದು ಹೊಡೆಯಬಹುದಾದ ಹಳೆಯ ದೊಡ್ಡ ರಿವಾಲ್ವರ್ ಬೇಕೆಂದರೆ ಅಮೆರಿಕದ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಎದುರಾಗುವುದು ಈ ಮೂರು.

ಹೊಡೆಯುವುದಕ್ಕೆಂದೇ ಕೊಳ್ಳುವವರು ಸ್ಮಿತ್ ತೆಗೆದುಕೊಳ್ಳಲಿ. ಕೈ ದೊಡ್ಡದಿದ್ದು, ಹ್ಯಾಮರ್ ಎಳೆದು ಒಂದೊಂದೇ ಈಡು ನಿಧಾನವಾಗಿ ಹೊಡೆಯುವವರಿಗೆ ಕೋಲ್ಟ್ ಒಪ್ಪುತ್ತದೆ. ಖಾಲಿ ಕೋಶಕ್ಕೆ ಮದ್ದು, ಗುಂಡು ಸೇರಿಸಿ ತೋಟೆಯನ್ನು ತಾವೇ ತಯಾರಿಸಿಕೊಳ್ಳುವ ತಾಳ್ಮೆ ಇದ್ದವರು ಮಾತ್ರ ವೆಬ್ಲಿಯ ಕಡೆ ನೋಡಬೇಕು, ಅದೂ ಸಿಲಿಂಡರ್ ಕೊಯ್ಯದ ವೆಬ್ಲಿಯ ಕಡೆ (ಕೊಯ್ಯುವುದು ಏನೆಂದು ಮುಂದೆ ಬರುತ್ತದೆ).

ಮೊದಲು ತೋಟೆಯ ವಿಚಾರ. .45 ಎಸಿಪಿ ತೋಟೆಗೆ ಹೊರಚಾಚಿದ ಅಂಚಿಲ್ಲ. ಹಾಗಾಗಿ ರಿವಾಲ್ವರಿನ ಎಕ್ಸ್‌ಟ್ರಾಕ್ಟರಿಗೆ ಅದನ್ನು ಹಿಡಿದು ಹೊರದೂಡಲು ಏನೂ ಸಿಗುವುದಿಲ್ಲ. ಇದಕ್ಕೆಂದೇ ಮೂರು ತೋಟೆ ಹಿಡಿಯುವ ಅರ್ಧಚಂದ್ರ ಕ್ಲಿಪ್ ಬಂತು. ಎರಡು ಕ್ಲಿಪ್ ಹಾಕಿದರೆ ಸಿಲಿಂಡರ್ ತುಂಬಿತು. ಸ್ಮಿತ್‌ನ ಚೇಂಬರಿನೊಳಗೆ, ಅಂದರೆ ಸಿಲಿಂಡರಿನಲ್ಲಿ ತೋಟೆ ಕೂರುವ ತೂತಿನೊಳಗೆ, ತೋಟೆಯ ಬಾಯಿ ತಾಗಿ ನಿಲ್ಲುವ ಮೆಟ್ಟಿಲು ಮೊದಲಿನಿಂದಲೇ ಇದೆ. ಕ್ಲಿಪ್ ಇಲ್ಲದೆಯೂ ಹೊಡೆಯಬಹುದು, ಖಾಲಿ ಕೋಶಗಳನ್ನು ಮಾತ್ರ ಒಂದು ಕಡ್ಡಿಯಿಂದ ಚುಚ್ಚಿ ತೆಗೆಯಬೇಕು. ಆರಂಭದ ಕೋಲ್ಟ್‌ಗಳ ಚೇಂಬರನ್ನು ಮೆಟ್ಟಿಲಿಲ್ಲದೆ ನೇರವಾಗಿ ಕೊರೆದಿದ್ದರು. ಅವುಗಳಲ್ಲಿ ಕ್ಲಿಪ್ ಇಲ್ಲದ ತೋಟೆ ಮುಂದಕ್ಕೆ ಜಾರಿಹೋಗುತ್ತದೆ, ಹ್ಯಾಮರಿನ ಮೊನೆ ಅದನ್ನು ಮುಟ್ಟುವುದೇ ಇಲ್ಲ. ಕೊಳ್ಳುವಾಗ ಚೇಂಬರಿಗೆ ಟಾರ್ಚ್ ಬಿಟ್ಟು ನೋಡಿದರೆ ಮೆಟ್ಟಿಲು ಇದೆಯೋ ಇಲ್ಲವೋ ಕಾಣುತ್ತದೆ.

ಕ್ಲಿಪ್ಪಿನ ದಪ್ಪವನ್ನು ಬಹಳ ಜನ ಕಡೆಗಣಿಸುತ್ತಾರೆ. ಕ್ಲಿಪ್ ಸ್ವಲ್ಪ ಬಾಗಿದ್ದರೂ, ದಪ್ಪ ಹೆಚ್ಚಿದ್ದರೂ ತೋಟೆಯ ಬುಡ ಹಿಂದಿನ ಫಲಕಕ್ಕೆ ಉಜ್ಜಿ ಸಿಲಿಂಡರ್ ಬಿಗಿಯುತ್ತದೆ. ಟ್ರಿಗರ್ ಇದ್ದಕ್ಕಿದ್ದಂತೆ ಭಾರವಾದರೆ ಬಂದೂಕನ್ನು ಬಿಚ್ಚುವ ಮೊದಲು ಕ್ಲಿಪ್ ಬದಲಿಸಿ ನೋಡಿ. ಹಿತ್ತಾಳೆ ಕೋಶದ ಬುಡದ ತೋಡು ತಯಾರಕರಿಂದ ತಯಾರಕರಿಗೆ ಬೇರೆ ಇರುವುದರಿಂದ ಒಂದೇ ಜಾತಿಯ ಕೋಶ, ಅದಕ್ಕೆ ಒಪ್ಪಿದ ಒಂದೇ ಜಾತಿಯ ಕ್ಲಿಪ್ ಎಂದು ಗಂಟುಹಾಕಿ ಇಟ್ಟುಕೊಳ್ಳುವುದು ಒಳ್ಳೆಯದು. ಈ ತಾಪತ್ರಯವೇ ಬೇಡವೆಂದರೆ .45 ಆಟೋ ರಿಮ್ ಇದೆ. ದಪ್ಪ ಅಂಚಿನ ಈ ತೋಟೆ 1920ರಲ್ಲಿ ಬಂದದ್ದೇ ಈ ಎರಡು ರಿವಾಲ್ವರ್‌ಗಳಿಗಾಗಿ. ಮನೆಯಲ್ಲೇ ತೋಟೆ ತುಂಬುವವರಿಗೆ ಇದಕ್ಕಿಂತ ನೆಮ್ಮದಿ ಬೇರಿಲ್ಲ.

ಎರಡಕ್ಕೂ 230 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ ಸಾಮಾನ್ಯ ತೋಟೆ ಸಾಕು. ಪ್ಲಸ್ ಪಿ ಎಂದು ಬರೆದ, ಹೆಚ್ಚು ಒತ್ತಡದ ತೋಟೆಯನ್ನು ಹಾಕಲೇಬೇಡಿ. ನೂರು ವರ್ಷದ ಉಕ್ಕು ತಕ್ಷಣ ಒಡೆಯದಿದ್ದರೂ ಸಿಲಿಂಡರಿನ ಲಾಕ್ ಗುಳಿಗಳು ಅಗಲವಾಗುತ್ತಾ ಹೋಗುತ್ತವೆ. ಸೀಸದ ಗುಂಡು ನಳಿಗೆಗೆ ಇನ್ನೂ ಮೃದು.

ಟ್ರಿಗರಿನಲ್ಲಿ ಕೋಲ್ಟ್‌ಗೂ ಸ್ಮಿತ್‌ಗೂ ಅಜಗಜಾಂತರ. ಸ್ಮಿತ್‌ನಲ್ಲಿ ಹ್ಯಾಮರಿಗೆ ಉದ್ದನೆಯ ಪಟ್ಟಿ ಸ್ಪ್ರಿಂಗ್, ಟ್ರಿಗರ್ ಮರಳಲು ಬೇರೆಯೇ ಸುರುಳಿ ಸ್ಪ್ರಿಂಗ್. ಡಬಲ್ ಆ್ಯಕ್ಷನ್ನಿನಲ್ಲಿ, ಅಂದರೆ ಟ್ರಿಗರ್ ಎಳೆತವೊಂದರಿಂದಲೇ ಹ್ಯಾಮರ್ ಎದ್ದು ಬೀಳುವಾಗ, ಮೊದಲಿನಿಂದ ಕೊನೆಯವರೆಗೆ ಎಳೆತ ಒಂದೇ ಸಮ. ಕೋಲ್ಟ್‌ನಲ್ಲಿ ಒಂದೇ ವಿ ಆಕಾರದ ಸ್ಪ್ರಿಂಗ್ ಎರಡೂ ಕೆಲಸ ಮಾಡುತ್ತದೆ. ಎಳೆದಂತೆಲ್ಲ ಭಾರ ಏರಿ ಕೊನೆಯ ಕಾಲಂಗುಲದಲ್ಲಿ ಗೋಡೆಗೆ ತಾಗಿದಂತಾಗುತ್ತದೆ. ಜೊತೆಗೆ ಹಿಡಿಯ ಹಿಂಬದಿಯಿಂದ ಟ್ರಿಗರಿಗೆ ದೂರ ಹೆಚ್ಚು. ಸಣ್ಣ ಕೈಯವರ ಬೆರಳ ತುದಿ ಮಾತ್ರ ತಲುಪುತ್ತದೆ, ಗುಂಡು ಪಕ್ಕಕ್ಕೆ ಹೋಗುತ್ತದೆ. ಆದರೆ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು ಸಿಂಗಲ್ ಆ್ಯಕ್ಷನ್ನಿನಲ್ಲಿ ಹೊಡೆದರೆ ಕೋಲ್ಟ್‌ನಷ್ಟು ಗಟ್ಟಿಯಾಗಿ ಕೂರುವ ಸಿಲಿಂಡರ್ ಈ ಮೂರರಲ್ಲಿ ಇನ್ನೊಂದರದಿಲ್ಲ. ಟ್ರಿಗರ್ ಹಿಂದಿರುವಷ್ಟು ಹೊತ್ತೂ ಅದರ ಹ್ಯಾಂಡ್, ಅಂದರೆ ಸಿಲಿಂಡರ್ ತಿರುಗಿಸುವ ಕೈ, ಸಿಲಿಂಡರನ್ನು, ಅದು ತಿರುಗದಂತೆ ತಡೆಯುವ ಬೋಲ್ಟಿಗೆ ಒತ್ತಿ ಹಿಡಿದಿರುತ್ತದೆ.

ಕೋಲ್ಟ್‌ನ ಅತಿ ದೊಡ್ಡ ದೌರ್ಬಲ್ಯವೂ ಅದೇ. ಪ್ರತಿ ಈಡಿಗೂ ಒತ್ತಡ ತಾಳುವ ಆ ಹ್ಯಾಂಡ್ ಬೇಗ ಸವೆಯುತ್ತದೆ, ಟೈಮಿಂಗ್ ತಪ್ಪುತ್ತದೆ, ಅಂದರೆ ಹ್ಯಾಮರ್ ಬೀಳುವ ಹೊತ್ತಿಗೆ ಚೇಂಬರ್ ನಳಿಗೆಗೆ ನೇರವಾಗಿ ಬಂದು ನಿಂತಿರುವುದಿಲ್ಲ. ಅದನ್ನು ಸರಿಪಡಿಸಲು ಬಲ್ಲ ಕುಶಲಕರ್ಮಿಗಳು ಈಗ ವಿರಳ, ಬಿಡಿಭಾಗವೂ ಸುಲಭವಾಗಿ ಸಿಗುವುದಿಲ್ಲ. ಸ್ಮಿತ್ ಸವೆದರೂ ರಿಪೇರಿ ಸಲೀಸು.

ಅಂಗಡಿಯಲ್ಲಿ ಬಂದೂಕು ಕೈಗೆ ಬಂದಾಗ ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಸಿಲಿಂಡರಿನ ಮೇಲೆ ಬೆರಳಿಟ್ಟು ಹಗುರವಾಗಿ ತಡೆಯುತ್ತಾ ಹ್ಯಾಮರನ್ನು ಬಹಳ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಮೊದಲೇ ಸಿಲಿಂಡರ್ ಕಟ್ ಎಂದು ಲಾಕ್ ಆಗಬೇಕು. ಆರೂ ಚೇಂಬರಿಗೆ ಇದನ್ನು ಮಾಡಿ, ಏಕೆಂದರೆ ಎಷ್ಟೋ ಸಲ ಒಂದೇ ಚೇಂಬರ್ ಹಿಂದುಳಿದಿರುತ್ತದೆ. ಆಮೇಲೆ ಹ್ಯಾಮರ್ ಎಳೆದಿಟ್ಟು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ. ಟ್ರಿಗರ್ ಮುಟ್ಟದೆ ಅದು ಬಿದ್ದರೆ ಆ ಬಂದೂಕನ್ನು ಅಲ್ಲೇ ಬಿಟ್ಟುಬನ್ನಿ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಗೆ ಫೀಲರ್ ಗೇಜ್ (ದಪ್ಪ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ, ಸಿಲಿಂಡರನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒತ್ತಿ ಅಳೆಯಿರಿ. 0.004ರಿಂದ 0.010 ಇಂಚಿನೊಳಗೆ ಇದ್ದರೆ ಸರಿ, 0.006 ಆದರೆ ಬಹಳ ಒಳ್ಳೆಯದು. ಎರಡು ಅಳತೆಗಳ ನಡುವೆ 0.003ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸಿಲಿಂಡರ್ ಉದ್ದಕ್ಕೆ ಅಲ್ಲಾಡುತ್ತಿದೆ ಎಂದರ್ಥ. ಸ್ಮಿತ್‌ನಲ್ಲಿ ಇದನ್ನು 0.002 ಇಂಚಿನ ತೆಳು ಬಳೆ ಹಾಕಿ ಸರಿಮಾಡಬಹುದು.

ಸ್ಮಿತ್‌ನಲ್ಲಿ ನೋಡಲೇಬೇಕಾದ್ದು ಇನ್ನೆರಡಿವೆ. ಹಿಡಿಯ ಮುಂಭಾಗದ ಕೆಳಗಿದ್ದು, ಹ್ಯಾಮರಿನ ಸ್ಪ್ರಿಂಗನ್ನು ಒತ್ತಿ ಬಿಗಿಯಾಗಿಡುವ ಸ್ಟ್ರೇನ್ ಸ್ಕ್ರೂ: ಟ್ರಿಗರ್ ಹಗುರವಾಗಲೆಂದು ಹಿಂದಿನ ಮಾಲೀಕರು ಅದನ್ನು ಸಡಿಲಿಸಿರುತ್ತಾರೆ ಅಥವಾ ಅರ ಹಾಕಿ ಗಿಡ್ಡ ಮಾಡಿರುತ್ತಾರೆ. ತೋಟೆಯ ಬುಡದಲ್ಲಿ ಕಿಡಿ ಕೊಡುವ ಪ್ರೈಮರಿಗೆ ಬಡಿತ ಸಾಲದೆ ಈಡು ಹುಸಿಹೋಗುವುದು ಬಹುಪಾಲು ಇದರಿಂದಲೇ. ಇನ್ನೊಂದು ಎಕ್ಸ್‌ಟ್ರಾಕ್ಟರ್ ರಾಡ್. ಹಳೆಯ ಸ್ಮಿತ್‌ಗಳಲ್ಲಿ ಅದರ ತಿರುಪಿನ ಎಳೆ ಬಲಗಡೆಯದು, ಸಿಲಿಂಡರ್ ತಿರುಗುವ ದಿಕ್ಕಿಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ರಾಡ್ ಉದ್ದವಾಗಿ ಮುಂದಿನ ಲಾಕಿಗೆ ಒತ್ತಿಕೊಂಡರೆ ಸಿಲಿಂಡರ್ ತೆರೆಯುವುದೇ ಇಲ್ಲ. ಬಿಗಿಮಾಡುವಾಗ ಚೇಂಬರುಗಳಲ್ಲಿ ಖಾಲಿ ಕೋಶ ಹಾಕಿರಬೇಕು, ಇಲ್ಲದಿದ್ದರೆ ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರ್ ತಿರುಚುತ್ತದೆ. ಬದಿಯ ಫಲಕವನ್ನು ಎಂದಿಗೂ ಮೀಟಬೇಡಿ. ಸ್ಕ್ರೂ ತೆಗೆದು, ಚೌಕಟ್ಟಿಗೆ ಮರದ ಹಿಡಿಯಿಂದ ತಟ್ಟಿದರೆ ಅದೇ ಮೇಲೇಳುತ್ತದೆ.

ಈ ಕಾಲದ ಸ್ಮಿತ್‌ನಲ್ಲಿ ಈಗಿನಂಥ ಹ್ಯಾಮರ್ ಬ್ಲಾಕ್, ಅಂದರೆ ಟ್ರಿಗರ್ ಎಳೆಯದಿದ್ದಾಗ ಹ್ಯಾಮರ್ ತೋಟೆಯನ್ನು ಮುಟ್ಟದಂತೆ ತಡೆಯುವ ಪಟ್ಟಿ, ಇಲ್ಲ. ತುಂಬಿದ ಬಂದೂಕು ಕೈಜಾರಿದರೆ ಅಪಾಯ, ಆದ್ದರಿಂದ ಹ್ಯಾಮರಿನ ಕೆಳಗಿನ ಚೇಂಬರ್ ಖಾಲಿ ಇರಲಿ. ಕೋಲ್ಟ್‌ನಲ್ಲಿ ಅದಕ್ಕೆ ಸುರಕ್ಷಾ ಪಟ್ಟಿ ಇದೆ. ಈ ಒಂದು ವಿಷಯದಲ್ಲಿ ಕೋಲ್ಟ್ ಮುಂದು.

ಅಗ್ಗದ ಸ್ಮಿತ್ ಬೇಕಾದವರು ಬ್ರೆಜಿಲ್ ಸರ್ಕಾರಕ್ಕೆ 1937ರ ಮಾದರಿಯೆಂದು ಹೋಗಿ, ಆಮೇಲೆ ಅಮೆರಿಕಕ್ಕೆ ಮರಳಿದ ರಿವಾಲ್ವರ್ ಹುಡುಕಬಹುದು. ಬದಿಯಲ್ಲಿ ಬ್ರೆಜಿಲ್ ಲಾಂಛನ, ಒಳಗಿನ ಯಂತ್ರ ಅದೇ. ಹೊರಮೈ ಸವೆದಿದ್ದರೂ ನಳಿಗೆ ಚೆನ್ನಾಗಿದ್ದರೆ ಚಿಂತಿಸಬೇಡಿ.

ಇನ್ನು ವೆಬ್ಲಿ. ಕೈಯಲ್ಲಿ ಹಿಡಿದಾಗ ಮನಸ್ಸು ಸೋಲುವುದು ಇದಕ್ಕೇ. ಎಡಬದಿಯ ಲಿವರನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮಡಚಿ, ಆರೂ ಕೋಶಗಳು ಒಟ್ಟಿಗೇ ಹಾರುತ್ತವೆ. ನಿಧಾನವಾಗಿ ತೆರೆದರೆ ಒಂದು ಕೋಶ ಎಕ್ಸ್‌ಟ್ರಾಕ್ಟರಿನ ಅಡಿಗೆ ಸೇರಿ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ವಾಲಿಸಿ, ಒಂದೇ ರಭಸಕ್ಕೆ ತೆರೆಯಬೇಕು. 265 ಗ್ರೇನ್ ಸೀಸದ ಗುಂಡು ಸೆಕೆಂಡಿಗೆ ಸುಮಾರು 600 ಅಡಿ ವೇಗದಲ್ಲಿ ಹೋಗುವುದರಿಂದ ಒದೆತ ತಳ್ಳಿದಂತಿರುತ್ತದೆ, ಹೊಡೆದಂತಲ್ಲ.

ತೊಂದರೆ ಇರುವುದು ಕೊಯ್ದ ವೆಬ್ಲಿಗಳಲ್ಲಿ. ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಬಂದ ಬಹಳಷ್ಟು ಮಾರ್ಕ್ 6ಗಳ ಸಿಲಿಂಡರಿನ ಹಿಂಭಾಗವನ್ನು ತೆಳ್ಳಗೆ ಕೊಯ್ದು, ಕ್ಲಿಪ್ಪಿನ ಸಮೇತ .45 ಎಸಿಪಿ ಕೂರುವಂತೆ ಮಾಡಿದರು. .455 ತೋಟೆಯ ಒತ್ತಡ ಚದರ ಇಂಚಿಗೆ ಸುಮಾರು 13,000 ಪೌಂಡ್; .45 ಎಸಿಪಿಯ ಮಿತಿ 21,000. ಅಂಗಡಿಯ ಎಸಿಪಿ ತೋಟೆ ಒಳಗೆ ಕೂರುತ್ತದೆ, ಹಾರುತ್ತದೆ, ಹಾಗಾಗಿ ಸರಿ ಇದೆಯೆಂದೇ ಕಾಣುತ್ತದೆ. ಆದರೆ ಪ್ರತಿ ಈಡೂ ಆ ಬಂದೂಕಿನ ಸಾಮರ್ಥ್ಯದ ಗಡಿ ಮೀರುತ್ತಿರುತ್ತದೆ. ನಳಿಗೆಯನ್ನು ಮುಚ್ಚಿ ಹಿಡಿಯುವ ಲಾಚ್ ಸಡಿಲವಾಗುವುದು, ಕೀಲು ಸವೆಯುವುದು, ಕೊನೆಗೆ ಸಿಲಿಂಡರ್ ಬಿರಿಯುವುದು ಇದರ ಫಲ. ಕೊಯ್ದದ್ದೇ ಕೈಯಲ್ಲಿದ್ದರೆ ಆಟೋ ರಿಮ್ ಕೋಶದಲ್ಲಿ .455ರ ಒತ್ತಡದ ಮಟ್ಟಕ್ಕೆ ತುಂಬಿದ ಸೀಸದ ಗುಂಡನ್ನಷ್ಟೇ ಬಳಸಿ. ಕೊಯ್ಯದ ವೆಬ್ಲಿಗೆ ಫಿಯೋಕಿ ಕಂಪನಿಯ 262 ಗ್ರೇನ್ ತೋಟೆ ಇದೆ, ದುಬಾರಿ. ಚೇಂಬರಿನ ಮುಂಬಾಯಿ ಗುಂಡಿಗಿಂತ ಕಿರಿದಾಗಿರುವುದು ವೆಬ್ಲಿಯಲ್ಲಿ ಸಾಮಾನ್ಯ. ಆದ್ದರಿಂದ ಬುಡ ಟೊಳ್ಳಾದ ಮೃದು ಸೀಸವೇ ಬೇಕು; ಅದು ಕುಗ್ಗಿ ತೂರಿ, ನಳಿಗೆಯಲ್ಲಿ ಮತ್ತೆ ಹಿಗ್ಗಿ ಒಳಗಿನ ತೋಡುಗಳನ್ನು ಹಿಡಿಯುತ್ತದೆ. ಹಗುರ ಗುಂಡು ಹಾಕಿದರೆ ಏಟು ಗುರಿಗಿಂತ ಕೆಳಗೆ ಬೀಳುತ್ತದೆ. ಅದಕ್ಕಾಗಿ ನಳಿಗೆಯ ತುದಿಯ ಮುಂಗುರಿಗೆ ಅರ ಹಾಕುವ ಪಾಪ ಬೇಡ, ಭಾರದ ಗುಂಡಿಗೆ ಮರಳಿ.

ಕಾನೂನಿನ ಮಾತು ಚಿಕ್ಕದಾಗಿ. ಐವತ್ತು ವರ್ಷ ದಾಟಿದ ಇವು ಅಮೆರಿಕದಲ್ಲಿ ಸಂಗ್ರಾಹಕರ ಟೈಪ್ 03 ಲೈಸೆನ್ಸಿನಡಿ ಬರುತ್ತವೆ. ರಾಜ್ಯದ ಕಾನೂನನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಅಲ್ಲಿರುವ ಕನ್ನಡಿಗರಲ್ಲಿ ಗ್ರೀನ್ ಕಾರ್ಡ್ ಇದ್ದವರಿಗೆ ವಲಸೆಯ ಕಾರಣಕ್ಕೆ ಅಡ್ಡಿಯಿಲ್ಲ. ಎಚ್-1ಬಿ ವೀಸಾದಲ್ಲಿರುವವರಿಗೆ ಒಕ್ಕೂಟ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ. ಗೆಳೆಯರ ಬಂದೂಕನ್ನು ರೇಂಜಿನಲ್ಲಿ ಹಿಡಿಯುವ ಮೊದಲೂ ಇದನ್ನು ವಕೀಲರಲ್ಲಿ ಕೇಳಿಕೊಳ್ಳಿ.

ಹಳೆಯ ಮಿಲಿಟರಿ ತೋಟೆ ಹೊಡೆದ ದಿನವೇ ನಳಿಗೆ, ಚೇಂಬರ್‌ಗಳಿಗೆ ಬಿಸಿನೀರು ಹೊಯ್ದು, ಒರೆಸಿ, ಎಣ್ಣೆ ಹಚ್ಚಿ. ಆ ಕಾಲದ ಪ್ರೈಮರಿನ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೇ ಕರಗಬೇಕು. ಚರ್ಮದ ಹೋಲ್ಸ್ಟರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹದಹಾಕಿದ ಚರ್ಮ ಪಸೆ ಹಿಡಿದು ಉಕ್ಕಿನ ನೀಲಿಯನ್ನು ತಿನ್ನುತ್ತದೆ. ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗದ ಪೆಟ್ಟಿಗೆಯಲ್ಲಿಡಿ.