ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು: ಲಾಕ್‌ಡೌನ್ ಕಾಲದಿಂದ ಬಳಸುತ್ತಿರುವವನ ವಿಮರ್ಶೆ

ಮಿಕ್ಸಿ, ಫ್ರಿಜ್ಜು, ಸ್ಕೂಟರು ಎಲ್ಲಕ್ಕೂ ವಿಮರ್ಶೆ ಬರೆಯುವವರಿದ್ದಾರೆ. ಇವೆಲ್ಲಕ್ಕಿಂತ ಹೆಚ್ಚು ಸಲ ನಾವು ಕೈಯಾಡಿಸುವ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ಯಾರೂ ಬರೆದದ್ದು ಕಾಣೆ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ನಮ್ಮ ನಾಲ್ಕೈದು ಕ್ರಾಸ್‌ಗಳ ಗುಂಪು ಹುಟ್ಟಿದ್ದು 2020ರ ಮಾರ್ಚ್ ಕೊನೆಗೆ. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡು ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ಹೊತ್ತು ಅದು. ಆಗ ಗುಂಪಿಗಿದ್ದ ಕೆಲಸ ಒಂದೇ, ತರಕಾರಿ ಗಾಡಿ ಯಾವ ಕ್ರಾಸಿಗೆ ಬಂತು ಅಂತ ಹೇಳುವುದು. ಕೊರೊನಾ ಹೋಯಿತು, ಗುಂಪು ಉಳಿಯಿತು.

ಮೊದಲು ನೀರಿನ ವಿಷಯ, ಯಾಕೆಂದರೆ ಇದೊಂದಕ್ಕೇ ಗುಂಪಿನಲ್ಲಿ ಇರಬಹುದು. ಮೈಸೂರಿಗೆ ಕಾವೇರಿಯಿಂದಲೂ ಕಬಿನಿಯಿಂದಲೂ ನೀರು ಬರುತ್ತದೆ. ಹೊಂಗಳ್ಳಿ, ಬೆಳಗೊಳ, ಮೇಳಾಪುರ, ಬಿದರಗೂಡು ಇವುಗಳಲ್ಲಿ ಎಲ್ಲಿ ಪಂಪಿಂಗ್ ನಿಂತಿತು ಎನ್ನುವುದರ ಮೇಲೆ ಯಾವ ಬಡಾವಣೆಯ ಸಂಪು ಬತ್ತುತ್ತದೆ ಎನ್ನುವುದು ನಿಂತಿದೆ. ಇದನ್ನು ನನಗೆ ತಿಳಿಸಿಕೊಟ್ಟಿದ್ದು ಗುಂಪಿನಲ್ಲಿರುವ ನಿವೃತ್ತ ಎಂಜಿನಿಯರೊಬ್ಬರು. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಮಾತುಕತೆ ಹೀಗೆ ಶುರುವಾಗುತ್ತದೆ:

"ನೀರ್ ಬಂತಾ?"
"2ನೇ ಕ್ರಾಸಲ್ಲಿ ಸಣ್ಣಗೆ ಬರ್ತಿದೆ."
"ನಮ್ಮನೇಲಿ ಬರೀ ಗಾಳಿ."
"ದಯವಿಟ್ಟು ಯಾರೂ ಲೈನಿಗೆ ಮೋಟ್ರು ಹಾಕ್ಬೇಡಿ, ಕೊನೇ ಮನೆಗೂ ಹೋಗ್ಲಿ."

ಕೊನೆಯ ಸಾಲು ಬಿದ್ದ ಐದು ನಿಮಿಷಕ್ಕೆ ಕೊನೆ ಮನೆಗೆ ನೀರು ಏರುತ್ತದೆ. ಮೋಟ್ರು ಹಾಕಿದ್ದವರು ಯಾರು ಅಂತ ಯಾರೂ ಕೇಳುವುದಿಲ್ಲ, ಹಾಕಿದವರು ಹೇಳುವುದೂ ಇಲ್ಲ. ಈ ಮರ್ಯಾದೆ ಮನೆ ಬಾಗಿಲಿಗೆ ಹೋಗಿ ಕೇಳಿದ್ದರೆ ಉಳಿಯುತ್ತಿರಲಿಲ್ಲ.

ಕರೆಂಟಿನ ವಿಷಯದಲ್ಲೂ ಅಡ್ಡಿಯಿಲ್ಲ. "ವಿದ್ಯುತ್ ವ್ಯತ್ಯಯ" ಅಂತ ಬೆಳಗಿನ ಪತ್ರಿಕೆಯಲ್ಲಿ ಬರುವ ಚಿಕ್ಕ ಅಕ್ಷರದ ಪಟ್ಟಿಯಲ್ಲಿ ನಮ್ಮ ಬಡಾವಣೆ ಇದ್ದರೆ ಯಾರಾದರೊಬ್ಬರು ಫೋಟೊ ತೆಗೆದು ಹಾಕಿರುತ್ತಾರೆ. ಹೇಳದೆ ಕೇಳದೆ ಹೋದಾಗ 1912ಕ್ಕೆ ಯಾರು ಫೋನ್ ಮಾಡಿದರು, ಲೈನ್‌ಮನ್ ಹೊರಟರಾ ಎಂಬುದೂ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದರೆ 5% ರಿಯಾಯಿತಿ ಅಂತ ಪ್ರತಿ ವರ್ಷ ನೆನಪಿಸುವ ಪುಣ್ಯಾತ್ಮರೂ ಒಬ್ಬರಿದ್ದಾರೆ.

ಇನ್ನು ಸುದ್ದಿ. 2024ರ ಡಿಸೆಂಬರ್ 31ರಂದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಿತ್ತು, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಅಂತ ಹೇಳಿದ್ದರು. ಅಷ್ಟು ನಿಜ. ಹೆಬ್ಬಾಳ ನಮಗೆ ಊರಿನ ಇನ್ನೊಂದು ಮೂಲೆ. ಆದರೆ ಸಂಜೆಯ ಹೊತ್ತಿಗೆ ಚಿರತೆ ನಮ್ಮ ಗುಂಪಿನಲ್ಲಿ ನಮ್ಮದೇ ಪಾರ್ಕಿನ ಕಾಂಪೌಂಡಿನ ಮೇಲೆ ಕೂತಿತ್ತು, ಫೋಟೊ ಸಮೇತ. ವಾಕಿಂಗ್ ನಿಂತಿತು, ಟ್ಯೂಷನ್‌ಗೆ ಹೋಗಿದ್ದ ಮಕ್ಕಳನ್ನು ಕರೆತರಲು ಅಪ್ಪಂದಿರು ಕಾರು ತೆಗೆದರು. ಕೊನೆಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಚಿತ್ರವನ್ನು ದೊಡ್ಡದು ಮಾಡಿ, ಹಿಂದೆ ನಿಂತ ಆಟೊದ ನಂಬರ್ ಪ್ಲೇಟಿಗೆ ಕೆಂಪು ಸುತ್ತು ಹಾಕಿ ಕಳಿಸಿದಳು. ಎಂಎಚ್ ಅಂತಿತ್ತು, ಅಂದರೆ ಮಹಾರಾಷ್ಟ್ರದ ಗಾಡಿ. ಫೋಟೊ ಹಾಕಿದ್ದ ಹಿರಿಯರು "ಎಚ್ಚರಿಕೆ ಇದ್ದರೆ ತಪ್ಪೇನಮ್ಮ" ಅಂದರು. ಸುದ್ದಿಯ ಖಾತೆಯಲ್ಲಿ ಗುಂಪಿಗೆ ನಾನು ಕೊಡುವುದು ಒಂದೇ ಸ್ಟಾರ್. ಮನೆಯಲ್ಲಿ ಕೂತು ಊರಿಗೆಲ್ಲ ಪ್ರಸಾರ ಮಾಡುವ ಹುಮ್ಮಸ್ಸು ಮೈಸೂರಿಗೆ ಹೊಸದೇನಲ್ಲ ಬಿಡಿ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ವಿಠ್ಠಲ ವಿಹಾರ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ್ದು ಇದೇ ಊರಲ್ಲಿ. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅಂಥವರೊಬ್ಬರು ನಮ್ಮ ಗುಂಪಿಗೂ ಬೇಕಿತ್ತು.

ಬೇಕಿತ್ತು ಅಂದಿದ್ದು ಸುಮ್ಮನೆ ಅಲ್ಲ. ಬೀದಿನಾಯಿ ವಿಷಯಕ್ಕೆ ಒಮ್ಮೆ ಗುಂಪು ಹೊತ್ತಿ ಉರಿಯಿತು. ರಾತ್ರಿ ನಾಯಿಗಳಿಗೆ ಅನ್ನ ಹಾಕುವ ಮೇಡಂ ಒಬ್ಬರು, ಮೊಮ್ಮಗನ ಸೈಕಲ್ಲಿಗೆ ನಾಯಿ ಅಡ್ಡ ಬಂದು ಮೊಣಕಾಲು ಕೆತ್ತಿಸಿಕೊಂಡನೆಂದು ಕುದಿಯುತ್ತಿದ್ದ ಸಾರ್ ಒಬ್ಬರು. ಯಾರೋ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳನ್ನು ತಂದು ಹಾಕಿದರು. ಶಸ್ತ್ರಚಿಕಿತ್ಸೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು, ಊಟ ಹಾಕುವ ಜಾಗದ ಏರ್ಪಾಡು ನಿವಾಸಿಗಳ ಸಂಘದ ಹೊಣೆ ಅಂತ ಅದರಲ್ಲಿದೆ. ಇದರಿಂದ ಜಗಳ ನಿಲ್ಲಲಿಲ್ಲ, "ಹಾಗಾದ್ರೆ ನಿಮ್ಮನೆ ಮುಂದೆ ಜಾಗ ಮಾಡ್ಕೊಡಿ" ಎಂಬಲ್ಲಿಗೆ ಹೋಯಿತು. ರಾತ್ರಿ ಒಂದರ ಹೊತ್ತಿಗೆ ಅಡ್ಮಿನ್ ಮೇಡಂ ಗುಂಪಿಗೆ ಬೀಗ ಹಾಕಿದರು. ಅಲ್ಲಿಂದ ಮುಂದೆ ಅಡ್ಮಿನ್ ಮಾತ್ರ ಬರೆಯಬಹುದು.

ಎಲ್ಲರಿಗೂ ಹಾಯೆನಿಸಿತು. ಗುಡ್ ಮಾರ್ನಿಂಗ್ ಹೂವಿಲ್ಲ, ಫಾರ್ವರ್ಡ್ ಇಲ್ಲ, ನೀಟಾದ ಸೂಚನೆಗಳು ಮಾತ್ರ. ಆಮೇಲೆ ಗಣೇಶ ಬಂದ. ಸಭೆ ಯಾವಾಗ, ಚಂದಾ ಎಷ್ಟು ಅಂತ ಅಚ್ಚುಕಟ್ಟಾದ ಸೂಚನೆ ಹೋಯಿತು. ಎಲ್ಲರೂ ನೋಡಿದ್ದರು, ನೀಲಿ ಟಿಕ್ ಬಿದ್ದಿತ್ತು. ಸಭೆಗೆ ಬಂದವರು ಆರೇ ಜನ. ಹಿಂದಿನ ವರ್ಷಗಳಲ್ಲಿ ಪ್ರಸಾದಕ್ಕೆ ಪುಳಿಯೋಗರೆಯೋ ಬಿಸಿಬೇಳೆಬಾತೋ ಎಂದು ವಾರಗಟ್ಟಲೆ ಕಚ್ಚಾಡುತ್ತಿದ್ದೆವು, ಮೈಕ್ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಮಾತು ಬಿಟ್ಟುಹೋಗುತ್ತಿತ್ತು. ಆದರೆ ಪುಳಿಯೋಗರೆ ಪರ ವಾದ ಮಾಡಿದವರೇ ಅಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಲ್ಲುತ್ತಿದ್ದರು. ಬಾಯಿ ಕಟ್ಟಿದ ವರ್ಷ ಅವರೆಲ್ಲ ಮನೆಯಲ್ಲೇ ಉಳಿದರು. ಇನ್ನೊಂದು ಕಡೆ ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್ ಉಕ್ಕಿ ರಸ್ತೆಯಲ್ಲೆಲ್ಲ ಹರಿಯುತ್ತಿತ್ತು. ದೂರು ಬೇರೆಯವರು ಕೊಟ್ಟಿರುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡು ಮೂಗು ಮುಚ್ಚಿ ಓಡಾಡಿದೆವು. ಕೇಳಿ ನೋಡೋಣ ಅಂದರೆ ಬರೆಯುವ ಜಾಗವೇ ಇರಲಿಲ್ಲ.

ಈ ಗುಂಪಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ತಲೆನೋವಿನ ಹರಟೆಯನ್ನು ಕಿತ್ತುಹಾಕಿದರೆ ಕೆಲಸಕ್ಕೆ ಬರುವ ಭಾಗವೂ ಅದರ ಜೊತೆಗೇ ಕಿತ್ತು ಬರುತ್ತದೆ. ಈಗ ನಾವು ಹಲವು ಗುಂಪುಗಳನ್ನು ಒಂದೇ ಸೂರಿನಡಿ ಇಡುವ ವಾಟ್ಸ್‌ಆ್ಯಪ್ 'ಕಮ್ಯುನಿಟಿ' ಮಾಡಿಕೊಂಡು ಸೂಚನೆಗೆ ಒಂದು, ಹರಟೆಗೆ ಒಂದು ಅಂತ ಭಾಗ ಮಾಡಿದ್ದೇವೆ. ಸೂಚನೆಯ ಗುಂಪಿನಲ್ಲಿ ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ಸೈಟು, ಇನ್ಶೂರೆನ್ಸ್ ಅಂತ ಗುಂಪಿನಿಂದ ನಂಬರ್ ಎತ್ತಿಕೊಂಡು ಫೋನ್ ಮಾಡುವವರ ಕಾಟ ತಪ್ಪಿದ್ದು ಹೆಣ್ಣುಮಕ್ಕಳಿಗೆ ದೊಡ್ಡ ಸಮಾಧಾನ. ಹರಟೆ ಗುಂಪನ್ನು ನಾನು ಮ್ಯೂಟ್ ಮಾಡಿದ್ದೇನೆ, ಬಿಟ್ಟಿಲ್ಲ. ನೀವೂ ಹಾಗೇ ಮಾಡಿ.

ಅಡ್ಮಿನ್ ಆಗಲು ಹೆದರುವವರಿಗೆ ಒಂದು ಮಾತು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ನಮ್ಮ ಮೇಡಂ ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರೆ.

65 ವಾರ್ಡುಗಳ ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದ ಮೇಲೆ ಗುಂಪಿನ ಬೆಲೆ ಹೆಚ್ಚಿತು. ಮೊದಲು ಕಾರ್ಪೊರೇಟರ್‌ಗೆ ಒಂದು ಫೋನ್ ಹೊಡೆದರೆ ಆಯಿತು ಅನ್ನುವ ಧೈರ್ಯವಿತ್ತು. ಆಮೇಲೆ ಬೀದಿದೀಪ, ಮುರಿದ ಕೊಂಬೆ, ಕಸದ ರಾಶಿ ಎಲ್ಲದರ ಫೋಟೊಗಳನ್ನು ಕ್ರಾಸ್ ನಂಬರ್ ಸಹಿತ ಒಟ್ಟುಮಾಡಿ ಒಬ್ಬರು ವಲಯ ಕಚೇರಿಗೆ ಹೋಗಿ ಕೊಡುವ ಪದ್ಧತಿ ಬಂತು. ಒಬ್ಬೊಬ್ಬರೇ ಹೋಗಿ ಕೂಗಾಡುವುದಕ್ಕಿಂತ ಇದು ಎಷ್ಟೋ ವಾಸಿ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ನಮ್ಮ ಗುಂಪಿನಲ್ಲಿ ಇರುವುದು ಸ್ವಂತ ಮನೆಯವರು ಮಾತ್ರ. ಮಹಡಿ ಮೇಲಿನ ಬಾಡಿಗೆಯವರಿಗೆ ಜಾಗವಿಲ್ಲ, ಪಿಜಿಯ ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಟ್ಯಾಂಕ್ ಖಾಲಿಯಾದದ್ದು ಮೊದಲು ಗೊತ್ತಾಗುವುದು ಮೇಲಿನವರಿಗೆ, ರಾತ್ರಿ ಪಾಳಿ ಮುಗಿಸಿ ಬರುವಾಗ ಬೀದಿದೀಪ ಇಲ್ಲದಿರುವುದು ಗೊತ್ತಾಗುವುದು ಆ ಹುಡುಗಿಯರಿಗೆ. ಮಾಲೀಕರು ಸೂಚನೆಯನ್ನು ಓದಿ ಮೇಲಕ್ಕೆ ಹೇಳಬೇಕು, ಎಷ್ಟೋ ಸಲ ಮರೆಯುತ್ತಾರೆ. ಕೇಳಿದರೆ "ಅವ್ರು ಇವತ್ತಿರ್ತಾರೆ, ನಾಳೆ ಹೋಗ್ತಾರೆ ಸಾರ್" ಎಂಬ ಉತ್ತರ. ನಮ್ಮ ಎದುರು ಮನೆಯ ಬಾಡಿಗೆಯವರು ಈ ಗುಂಪು ಹುಟ್ಟುವ ಮೊದಲಿನಿಂದ ಇದ್ದಾರೆ.

ಕಳೆದ ವಾರ ಅಡ್ಮಿನ್ ಮೇಡಂ ಇದರ ಬಗ್ಗೆ ಪೋಲ್ ಹಾಕಿದ್ದಾರೆ. "ಸೇರಿಸೋಣ" ಎಂಬುದು ಸದ್ಯಕ್ಕೆ ಮುಂದಿದೆ, "ಸೂಚನೆ ಗುಂಪಿಗೆ ಮಾತ್ರ" ಎಂಬುದು ಬೆನ್ನಿಗೇ ಇದೆ. ಸೂಚನೆಗೆ ಮಾತ್ರ ಸೇರಿಸಿದರೆ ಮತ್ತೆ ಬಾಯಿ ಕಟ್ಟಿದಂತೆಯೇ, ಹಾಗಾಗಿ ನಾನು ಒತ್ತಿದ್ದು ಮೊದಲನೆಯದನ್ನು. ಫಲಿತಾಂಶ ಬರುವವರೆಗೆ ಐದಕ್ಕೆ ಮೂರೂವರೆ ಸ್ಟಾರ್.