ಗುರಾಣಿ ಹಿಡಿದ ಡ್ವಾರ್ಫ್: ಲೆವೆಲ್ 1ರಿಂದ 7ರವರೆಗೆ ಆಡಿದ ಮೇಲೆ

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಗಟ್ಟಿ ಯೋಧನನ್ನು ಕಟ್ಟುವುದು ಹೇಗೆ ಅಂತ ಯಾರನ್ನೇ ಕೇಳಿ, ಉತ್ತರ ಒಂದೇ. ಆರ್ಮರ್ ಕ್ಲಾಸ್ (ಏಟು ತಗುಲಲು ಶತ್ರುವಿನ ದಾಳ ಮುಟ್ಟಬೇಕಾದ ಅಂಕ) ಏರಿಸು, ಹಿಟ್ ಪಾಯಿಂಟ್ (ಬೀಳುವ ಮುಂಚೆ ತಿನ್ನಬಲ್ಲ ಏಟಿನ ಲೆಕ್ಕ) ಏರಿಸು, ಮುಂದೆ ಹೋಗಿ ನಿಲ್ಲು. ಆ ಸಲಹೆಯಂತೆಯೇ ಕಟ್ಟಿದ ಹಿಲ್ ಡ್ವಾರ್ಫ್ (ಗುಡ್ಡದ ಕುಳ್ಳರ ಕುಲ) ಫೈಟರ್, ಅಂದರೆ ಯೋಧ, ಒಬ್ಬನನ್ನು ಲೆವೆಲ್ 1ರಿಂದ 7ರವರೆಗೆ ಆಡಿದ್ದೇನೆ, ಇನ್ನೂ ಆಡುತ್ತಿದ್ದೇನೆ. ಅವನು ಒಂದು ಸಲವೂ ಸತ್ತಿಲ್ಲ. ನನ್ನ ತಕರಾರು ಇರುವುದೂ ಅಲ್ಲೇ: ಅವನು ನಿಂತೇ ಇದ್ದ, ಅವನ ಹಿಂದೆ ಇದ್ದವರು ಬೀಳುತ್ತಲೇ ಇದ್ದರು.

ಕಟ್ಟಿದ್ದು ಪುಕ್ಕಟೆ ಸಿಕ್ಕ 2014ರ ಬೇಸಿಕ್ ರೂಲ್ಸ್ ಪಿಡಿಎಫ್‌ನಿಂದ. ದಪ್ಪ ಪುಸ್ತಕಕ್ಕೆ ಆಗ ದುಡ್ಡು ಹಾಕುವ ಮನಸ್ಸಿರಲಿಲ್ಲ. ಪಿಡಿಎಫ್‌ನಲ್ಲಿ ಇರುವುದು ಫೈಟರ್, ಕ್ಲೆರಿಕ್ (ದೇವರ ಸೇವಕ), ರೋಗ್ (ಕಳ್ಳ), ವಿಝರ್ಡ್ (ಮಂತ್ರವಾದಿ) ಈ ನಾಲ್ಕೇ ವರ್ಗ. ದಾಳ ಉರುಳಿಸುವ ಬದಲು 15, 14, 13, 12, 10, 8ರ ಸಿದ್ಧ ಅಂಕಗಳನ್ನು ಪಾತ್ರದ ಆರು ಗುಣಗಳಿಗೆ ಹಂಚಿದೆ. ಸ್ಟ್ರೆಂತ್‌ಗೆ 15, ಕಾನ್‌ಸ್ಟಿಟ್ಯೂಷನ್‌ಗೆ 14. ಡ್ವಾರ್ಫ್‌ಗೆ ಸಿಗುವ 2 ಸೇರಿ ಅದು 16 ಆಯಿತು. ವಿಸ್ಡಮ್‌ಗೆ 13 ಕೊಟ್ಟಿದ್ದು ಹಿಲ್ ಡ್ವಾರ್ಫ್‌ನ 1 ಸೇರಿ 14 ಆಯಿತು. ಹಿಲ್ ಡ್ವಾರ್ಫ್‌ನ ನಿಜವಾದ ಲಾಭ ಬೇರೆ: ಪ್ರತಿ ಲೆವೆಲ್‌ಗೂ ಒಂದು ಹಿಟ್ ಪಾಯಿಂಟ್ ಜಾಸ್ತಿ. ಮೊದಲ ಲೆವೆಲ್‌ನಲ್ಲಿ 14, ಆಮೇಲೆ ಸರಾಸರಿ ಲೆಕ್ಕ ಹಿಡಿದರೂ ಲೆವೆಲ್‌ಗೆ ಹತ್ತು ಹತ್ತು. ಐದನೇ ಲೆವೆಲ್‌ಗೆ 54. ಅದೇ ಹೊತ್ತಿಗೆ ನಮ್ಮ ವಿಝರ್ಡ್ ಬಳಿ ಇದ್ದದ್ದು 27, ಸರಿಯಾಗಿ ಅರ್ಧ.

ಆರ್ಮರ್ ಕ್ಲಾಸ್ ಲೆಕ್ಕ: ಮೈಮೇಲಿನ ಚೈನ್ ಮೇಲ್ ಕವಚಕ್ಕೆ 16, ಗುರಾಣಿಗೆ 2, ಡಿಫೆನ್ಸ್ ಅನ್ನುವ ಫೈಟಿಂಗ್ ಸ್ಟೈಲ್‌ಗೆ (ಫೈಟರ್ ಆರಿಸಿಕೊಳ್ಳುವ ಕಾಳಗದ ಶೈಲಿ) 1, ಒಟ್ಟು 19. ಮೊದಲ ಲೆವೆಲ್‌ಗೇ 19 ಅಂದರೆ ಎಲ್ಲರ ಹುಬ್ಬೂ ಏರುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ತಂದಾಗ ಲೆಕ್ಕ ತಿರುಗಾಮುರುಗ ಇತ್ತು: ಬರಿಮೈಗೆ 9, ಪ್ಲೇಟ್ ಕವಚ ಮತ್ತು ಗುರಾಣಿ ಸೇರಿದರೆ 2, ಅಂಕ ಇಳಿದಷ್ಟೂ ಒಳ್ಳೆಯದು. ಅಂಕದ ದಿಕ್ಕು ಬದಲಾಗಿದೆ, ಫೈಟರ್ ಅಂದರೆ ಕವಚ ಅನ್ನುವ ನಂಬಿಕೆ ಬದಲಾಗಿಲ್ಲ.

ಈ ಪಾತ್ರದ ಜೊತೆ ನನಗೆ ಬೆಳೆದ ಭಾನುವಾರದ ಅಭ್ಯಾಸಗಳ ಬಗ್ಗೆ ಹೇಳಲೇಬೇಕು. ಊಟ ಮುಗಿಸಿ ಎಲ್ಲರೂ ಬರುವ ಮುಂಚೆ ಚಾರ್ಟ್ ಪೇಪರ್ ಹಾಸಿ, ಇಂಚಿಗೊಂದು ಗೆರೆ ಎಳೆದ ಚೌಕಗಳನ್ನು ಸರಿಮಾಡುತ್ತೇನೆ. ಒಂದು ಚೌಕ ಅಂದರೆ ಐದು ಅಡಿ. ಬಣ್ಣ ಬಳಿದ ಗೊಂಬೆಗಳನ್ನು ಕೊಂಡಿಲ್ಲ. ನನ್ನ ಡ್ವಾರ್ಫ್ ಅಂದರೆ ಹಳೇ ಚೆಸ್ ಸೆಟ್ಟಿನ ಕಪ್ಪು ಆನೆ. ಫೈಟರ್‌ಗೆ ಎರಡು ಶಕ್ತಿಗಳು ಮತ್ತೆ ಮತ್ತೆ ತುಂಬಿಕೊಳ್ಳುತ್ತವೆ. ಒಂದು ಸೆಕೆಂಡ್ ವಿಂಡ್, ಅಂದರೆ ಹತ್ತು ಮುಖದ ದಾಳ ಉರುಳಿಸಿ ಲೆವೆಲ್ ಕೂಡಿಸಿ ಅಷ್ಟು ಹಿಟ್ ಪಾಯಿಂಟ್ ವಾಪಸ್ ಪಡೆಯುವುದು. ಇನ್ನೊಂದು ಎರಡನೇ ಲೆವೆಲ್‌ಗೆ ಸಿಗುವ ಆಕ್ಷನ್ ಸರ್ಜ್, ಅದೇ ಸರದಿಯಲ್ಲಿ ಇನ್ನೊಂದು ಆಕ್ಷನ್. ಇವೆರಡಕ್ಕೂ ಅಜ್ಜಿಯ ಚೌಕಾಬಾರದ ಡಬ್ಬಿಯಿಂದ ಎರಡು ಕವಡೆ ತಂದಿಟ್ಟಿದ್ದೇನೆ. ಬಾಯಿ ಮೇಲಿದ್ದರೆ ಶಕ್ತಿ ಇದೆ, ಬೋರಲು ಬಿದ್ದಿದ್ದರೆ ಖರ್ಚಾಗಿದೆ. ಆಟದೊಳಗೆ ಒಂದು ಗಂಟೆಯ ವಿಶ್ರಾಂತಿ ಅಂತ ಡಿಎಂ (ಆಟ ನಡೆಸುವ, ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್) ಹೇಳಿದ ಕೂಡಲೇ ಎರಡನ್ನೂ ಮಗುಚಿ ಇಡುವುದರಲ್ಲಿ ಒಂದು ಸುಖವಿದೆ. ವಿಝರ್ಡ್‌ಗೆ ತನ್ನ ಮಂತ್ರಗಳೆಲ್ಲ ತುಂಬಿಕೊಳ್ಳಲು ರಾತ್ರಿಯಿಡೀ ಮಲಗಬೇಕು. ನನ್ನವನು ಗೋಡೆಗೆ ಒರಗಿ ಒಂದು ಗಂಟೆ ಕೂತರೆ ಸಾಕು. ಕಾಫಿ ಬರುವುದೂ ಆ ಹೊತ್ತಿಗೇ.

ಇನ್ನು ತಕರಾರು.

ಗಾಬ್ಲಿನ್ ಅನ್ನುವ ಪುಟ್ಟ ದುಷ್ಟ ಜೀವಿ ಹೊಡೆಯುವಾಗ ಇಪ್ಪತ್ತು ಮುಖದ ದಾಳಕ್ಕೆ 4 ಕೂಡಿಸುತ್ತದೆ. ನನ್ನ 19ನ್ನು ಮುಟ್ಟಲು ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು, ಅಂದರೆ ನೂರಕ್ಕೆ 30. ಕವಚವಿಲ್ಲದೆ 12ರಲ್ಲಿ ನಿಂತ ವಿಝರ್ಡ್‌ಗೆ ತಗುಲಲು 8 ಬಿದ್ದರೆ ಆಯಿತು, ನೂರಕ್ಕೆ 65. ಬುದ್ಧಿಯಿರುವ ಯಾವ ಶತ್ರುವೂ ಒಂದೆರಡು ಏಟು ಗುರಾಣಿಗೆ ಬಡಿದ ಮೇಲೆ ನನ್ನನ್ನು ಬಿಟ್ಟು ಸುತ್ತಿಕೊಂಡು ಹಿಂದೆ ಹೋಗುತ್ತದೆ. ಗಾಬ್ಲಿನ್‌ಗಂತೂ ಅದಕ್ಕೆ ಹೇಳಿ ಮಾಡಿಸಿದ ಗುಣ ಇದೆ: ಹೊಡೆದ ಸರದಿಯಲ್ಲೇ ಬೋನಸ್ ಆಕ್ಷನ್‌ನಿಂದ (ಸರದಿಯ ಹೆಚ್ಚುವರಿ ಚಿಕ್ಕ ಕೆಲಸ) ಡಿಸ್‌ಎಂಗೇಜ್ ಮಾಡಿ, ನನ್ನಿಂದ ಏಟು ತಿನ್ನದೆ ಜಾರಿಕೊಳ್ಳುತ್ತದೆ. "ಗುರೂ, ನಿನ್ನ ಮೇಲೆ ಕತ್ತಿ ಬೀಸಿ ಅದಕ್ಕೇನು ಸಿಗುತ್ತೆ ಹೇಳು?" ಅಂತ ಡಿಎಂ ಕೇಳಿದ. ಅವನ ಮಾತು ನ್ಯಾಯವಾದದ್ದೇ. ಶತ್ರುಗಳನ್ನು ಪೆದ್ದರ ಹಾಗೆ ಆಡಿಸು ಅಂತ ಡಿಎಂಗೆ ಹೇಳುವುದು ಆಟಕ್ಕೇ ಅವಮಾನ. ಆದರೆ ಒಂದು ಇಡೀ ಕಾಳಗದಲ್ಲಿ ನನ್ನ ಹಿಟ್ ಪಾಯಿಂಟ್ ಒಂದೂ ಇಳಿಯದೆ, ವಿಝರ್ಡ್ ಆಡುವವಳು ನೆಲಕ್ಕೆ ಬಿದ್ದು ಡೆತ್ ಸೇವ್, ಅಂದರೆ ಸಾವು ಬದುಕಿನ ದಾಳ, ಉರುಳಿಸುತ್ತಿದ್ದರೆ, ನಾನು ಕಟ್ಟಿದ ಗಟ್ಟಿತನದಿಂದ ಯಾರಿಗೆ ಉಪಯೋಗ?

ಇದು ಈ ಆವೃತ್ತಿಯ ಸಾದಾ ಫೈಟರ್‌ನ ದೊಡ್ಡ ಕೊರತೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಫೈಟರ್ ಯಾರ ಮೇಲೆ ಆಯುಧ ಬೀಸಿದನೋ ಅವರನ್ನು ಮಾರ್ಕ್ ಮಾಡಬಹುದಿತ್ತು. ಅವನನ್ನು ಬಿಟ್ಟು ಬೇರೆಯವರನ್ನು ಹೊಡೆಯಲು ಹೋದರೆ ದಾಳದಿಂದ 2 ಕಳೆಯಬೇಕಿತ್ತು. ಶತ್ರುವನ್ನು ಹಿಡಿದು ನಿಲ್ಲಿಸುವುದು ಆಗ ಫೈಟರ್‌ನ ಹುಟ್ಟುಗುಣ. ಐದನೆಯದಕ್ಕೆ ಬರುವಾಗ ಅದು ಹೋಯಿತು. 2017ರ ಪೂರಕ ಪುಸ್ತಕದಲ್ಲಿ ಕ್ಯಾವಲಿಯರ್ ಅನ್ನುವ ಉಪವರ್ಗಕ್ಕೆ ಅಂಥದ್ದೇ ಒಂದು ಗುಣ ಮರಳಿತು ನಿಜ, ಬೇಸಿಕ್ ರೂಲ್ಸ್‌ನಲ್ಲಿ ಇರುವ ಚಾಂಪಿಯನ್ ಉಪವರ್ಗಕ್ಕೆ ಅದಿಲ್ಲ.

ನಮ್ಮ ಗುಂಪಿನಲ್ಲೇ ಇರುವ ಬಾರ್ಬೇರಿಯನ್‌ನನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಹಿಟ್ ಪಾಯಿಂಟ್‌ಗೆ ಅವನದು ಹನ್ನೆರಡು ಮುಖದ ದಾಳ. ರೇಜ್, ಅಂದರೆ ರೋಷಾವೇಶದಲ್ಲಿ ಇದ್ದಾಗ ಕತ್ತಿ, ಬಾಣ, ದೊಣ್ಣೆಗಳ ಏಟು ಅವನಿಗೆ ಅರ್ಧವೇ ತಾಗುತ್ತದೆ. ಮೂರನೇ ಲೆವೆಲ್‌ಗೆ ಕರಡಿಯ ಟೋಟೆಮ್ ಹಿಡಿದ ಮೇಲೆ ಬೆಂಕಿ, ಆಸಿಡ್, ಮಿಂಚು ಎಲ್ಲವೂ ಅರ್ಧ, ಮನಸ್ಸಿಗೆ ತಾಗುವ ಸೈಕಿಕ್ ಏಟೊಂದನ್ನು ಬಿಟ್ಟು. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಎರಡನೇ ಲೆವೆಲ್‌ನ ರೆಕ್‌ಲೆಸ್ ಅಟ್ಯಾಕ್. ಅವನು ಹೊಡೆಯುವಾಗ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯುತ್ತಾನೆ. ಬದಲಿಗೆ ಅವನನ್ನು ಹೊಡೆಯುವವರಿಗೂ ಅದೇ ಅನುಕೂಲ. ಎದೆ ತೆರೆದು ಬಾ ಹೊಡಿ ಅಂದ ಹಾಗೆ. ಡಿಎಂ ಖುಷಿಯಾಗಿ ಅವನ ಮೇಲೇ ಬೀಳುತ್ತಾನೆ, ಏಟು ಅರ್ಧಕ್ಕೆ ಇಳಿಯುತ್ತದೆ, ಹಿಂದಿದ್ದವರು ಉಳಿಯುತ್ತಾರೆ. ಗುಂಪಿನ ಪಾಲಿಗೆ ಗಟ್ಟಿತನ ಅಂದರೆ ಅದು. ರೇಜ್ ಮಾತ್ರ ಲೆಕ್ಕದ್ದು, ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಎರಡೇ. ಮೂರನೇ ಕಾಳಗಕ್ಕೆ ಅವನು ಬರೀ ದೊಡ್ಡ ದೇಹದ ಮನುಷ್ಯ. ನನ್ನ ಕವಚಕ್ಕೆ ಆ ತೊಂದರೆ ಇಲ್ಲ.

ಕವಚದ ದುಡ್ಡಿನ ವಿಷಯ. ಎಲ್ಲ ಸಲಹೆಗಾರರೂ ಪ್ಲೇಟ್ ಕೊಂಡುಕೋ ಅನ್ನುತ್ತಾರೆ. ಪ್ಲೇಟ್‌ಗೆ 1500 ಚಿನ್ನದ ನಾಣ್ಯ, ಆರ್ಮರ್ ಕ್ಲಾಸ್ 18. ಸ್ಪ್ಲಿಂಟ್ ಕವಚಕ್ಕೆ 200 ನಾಣ್ಯ, 17. ಒಂದೇ ಒಂದು ಅಂಕಕ್ಕೆ 1300 ನಾಣ್ಯ! ಐದನೇ ಲೆವೆಲ್‌ಗೆ ನಮ್ಮ ಕ್ಲೆರಿಕ್‌ಗೆ ರಿವಿವಿಫೈ ಮಂತ್ರ ಸಿಕ್ಕಿತು; ಸತ್ತು ಒಂದು ನಿಮಿಷದೊಳಗಿದ್ದರೆ ಬದುಕಿಸಬಹುದು, ಪ್ರತಿ ಸಲ 300 ನಾಣ್ಯದ ವಜ್ರ ಖರ್ಚಾಗುತ್ತದೆ. ಪ್ಲೇಟ್‌ನ ದುಡ್ಡಿನಲ್ಲಿ ಐದು ಜೀವ ವಾಪಸ್ ತರಬಹುದು. ನಾನು ಸ್ಪ್ಲಿಂಟ್ ಕೊಂಡು ಉಳಿದದ್ದನ್ನು ವಜ್ರಕ್ಕೆ ಕೊಟ್ಟೆ. ನೀವೂ ಹಾಗೇ ಮಾಡಿ ಅಂತಲೇ ಹೇಳುತ್ತೇನೆ. ಆ ವಜ್ರಗಳಲ್ಲಿ ಒಂದು ನಮ್ಮ ರೋಗ್‌ನನ್ನು ಎಬ್ಬಿಸಿ ಕೂರಿಸಿದೆ.

ಇಷ್ಟು ಬೈದ ಪಾತ್ರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ನಾಲ್ಕನೇ ಲೆವೆಲ್‌ನಿಂದ. ಅಲ್ಲಿ ಸ್ಟ್ರೆಂತ್ ಏರಿಸುವ ಬದಲು ಗೆಳೆಯನ ಪುಸ್ತಕದಿಂದ ಸೆಂಟಿನೆಲ್ ಅನ್ನುವ ಫೀಟ್ (ವಿಶೇಷ ಕೌಶಲ) ತೆಗೆದುಕೊಂಡೆ. ಬೇಸಿಕ್ ರೂಲ್ಸ್‌ನಲ್ಲಿ ಫೀಟ್‌ಗಳಿಲ್ಲ, ಡಿಎಂ ಒಪ್ಪಬೇಕು. ಸೆಂಟಿನೆಲ್ ಮೂರು ಕೆಲಸ ಮಾಡುತ್ತದೆ. ನನ್ನ ಪಕ್ಕದಿಂದ ದಾಟಿ ಹೋಗುವವರಿಗೆ ನಾನು ಕೊಡುವ ಏಟು ತಗುಲಿದರೆ ಆ ಸರದಿ ಮುಗಿಯುವವರೆಗೆ ಅವರ ಕಾಲು ಅಲ್ಲೇ ಕಟ್ಟುತ್ತದೆ. ಡಿಸ್‌ಎಂಗೇಜ್ ಮಾಡಿದರೂ ನನ್ನಿಂದ ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಪಕ್ಕದಲ್ಲಿ ನಿಂತು ಬೇರೆಯವರ ಮೇಲೆ ಕೈ ಮಾಡಿದರೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಮಾಡಬಹುದಾದ ಪ್ರತಿಕ್ರಿಯೆ) ಖರ್ಚು ಮಾಡಿ ನಾನೊಂದು ಬಾರಿಸಬಹುದು.

ಅದರ ರುಚಿ ಸರಿಯಾಗಿ ಗೊತ್ತಾಗಿದ್ದು ಓಗರ್ ಅನ್ನುವ ದೈತ್ಯ ಬಂದಾಗ. ಗುಹೆಯ ಬಾಯಿ, ಒಳಗೆ ಮೂರು ಚೌಕ ಹಿಂದೆ ವಿಝರ್ಡ್. ಓಗರ್‌ನ ಸರಾಸರಿ ಏಟು 13. ಎರಡು ತಗುಲಿದರೆ ವಿಝರ್ಡ್‌ಗೆ ಉಳಿಯುವುದು ಒಂದು. ಡಿಎಂ ಅದನ್ನು ನನ್ನ ಆನೆಯ ಪಕ್ಕದಿಂದ ಒಳಕ್ಕೆ ಸರಿಸಲು ಶುರು ಮಾಡಿದ. ನನ್ನ ಅಳವು ದಾಟುವ ಚೌಕಕ್ಕೆ ಬಂದಾಗ ಕೈ ಎತ್ತಿದೆ. ದಾಳದಲ್ಲಿ 13, ಜೊತೆಗೆ 5, ಒಟ್ಟು 18. ಓಗರ್‌ನ ಆರ್ಮರ್ ಕ್ಲಾಸ್ 11. ಕೊಡಲಿ ಮೊಳಕಾಲಿಗೆ ಬಿತ್ತು, ವೇಗ ಸೊನ್ನೆ. ಅದರ 59 ಹಿಟ್ ಪಾಯಿಂಟ್‌ನಲ್ಲಿ ಹೋಗಿದ್ದು ಬೆರಳೆಣಿಕೆಯಷ್ಟೇ, ಆದರೆ ಅದು ನನ್ನ ಮುಂದೆಯೇ ಸಿಕ್ಕಿಬಿತ್ತು. ಡಿಎಂ ಸ್ವಲ್ಪ ಹೊತ್ತು ಚಾರ್ಟ್ ನೋಡಿದ. ಈಟಿ ಎಸೆಯಬಹುದಿತ್ತು, ನಾನು ಮೈಗೆ ಅಂಟಿಕೊಂಡು ನಿಂತಿದ್ದರಿಂದ ಅದಕ್ಕೆ ಡಿಸ್‌ಅಡ್ವಾಂಟೇಜ್, ಎರಡು ದಾಳದಲ್ಲಿ ಸಣ್ಣದನ್ನೇ ಹಿಡಿಯಬೇಕು. ಕೊನೆಗೆ ದೊಣ್ಣೆ ನನ್ನ ಮೇಲೇ ಬಿತ್ತು. ಹದಿನಾಲ್ಕು ಹಿಟ್ ಪಾಯಿಂಟ್ ಹೋಯಿತು. ಶೀಟ್ ಮೇಲೆ ಅದನ್ನು ರಬ್ಬರ್‌ನಲ್ಲಿ ಅಳಿಸಿ ಹೊಸ ಅಂಕ ಬರೆಯುವಾಗ ಆದಷ್ಟು ಸಂತೋಷ ಈ ಆಟದಲ್ಲಿ ನನಗೆ ಯಾವ ನಿಧಿ ಸಿಕ್ಕಾಗಲೂ ಆಗಿಲ್ಲ.

ಆರನೇ ಲೆವೆಲ್‌ಗೆ ಇನ್ನೊಂದು ಹೆಜ್ಜೆ ಹೋದೆ. 2020ರ ಪೂರಕ ಪುಸ್ತಕದ ಐಚ್ಛಿಕ ನಿಯಮವೊಂದು ಫೈಟಿಂಗ್ ಸ್ಟೈಲ್ ಬದಲಿಸಲು ಬಿಡುತ್ತದೆ. ಡಿಫೆನ್ಸ್ ಕೈಬಿಟ್ಟು ಪ್ರೊಟೆಕ್ಷನ್ ಹಿಡಿದೆ: ನನ್ನಿಂದ ಐದು ಅಡಿಯೊಳಗಿನ ಜೊತೆಗಾರನ ಮೇಲೆ ಏಟು ಬಂದಾಗ ಗುರಾಣಿ ಅಡ್ಡ ಹಿಡಿದು ಆ ಏಟಿಗೆ ಡಿಸ್‌ಅಡ್ವಾಂಟೇಜ್ ಕೊಡಬಹುದು. ಸ್ಪ್ಲಿಂಟ್‌ನಿಂದ 20 ಆಗಿದ್ದ ನನ್ನ ಆರ್ಮರ್ ಕ್ಲಾಸ್ 19ಕ್ಕೆ ಇಳಿಯಿತು, ಅಂದರೆ ನನಗೆ ಏಟು ತಗುಲುವ ಸಾಧ್ಯತೆ ನೂರಕ್ಕೆ 5 ಹೆಚ್ಚಿತು. ಆದರೆ ವಿಝರ್ಡ್ ಮೇಲಿನ ಗಾಬ್ಲಿನ್ ಏಟು 65ರಿಂದ 42ರ ಆಸುಪಾಸಿಗೆ ಬಂತು. ವ್ಯಾಪಾರ ಲಾಭದ್ದೇ. ತೊಡಕು ಒಂದಿದೆ. ಒಂದು ಸುತ್ತಿನಲ್ಲಿ ಒಂದೇ ರಿಯಾಕ್ಷನ್, ಪ್ರೊಟೆಕ್ಷನ್‌ಗೂ ಅದೇ ಬೇಕು, ಸೆಂಟಿನೆಲ್‌ಗೂ ಅದೇ ಬೇಕು. ಈಗ ಬಂದ ಏಟು ತಡೆಯಲೋ, ಮುಂದೆ ಓಡಲಿರುವವನಿಗಾಗಿ ಕಾಯಲೋ ಎಂದು ಬೇರೆಯವರ ಸರದಿಯಲ್ಲೂ ಕಣ್ಣು ಚಾರ್ಟ್ ಮೇಲೇ ಇರಬೇಕು. ಫೈಟರ್ ಆಡುವವರು ತಮ್ಮ ಸರದಿ ಬರುವವರೆಗೆ ಮೊಬೈಲ್ ನೋಡುತ್ತಾರೆ ಅನ್ನುವ ಮಾತಿದೆ. ಹೀಗೆ ಕಟ್ಟಿದ ಪಾತ್ರದಲ್ಲಿ ಅದು ಸಾಧ್ಯವೇ ಇಲ್ಲ, ನನಗೆ ಇದೇ ಬಹಳ ಇಷ್ಟವಾದದ್ದು.

ಉಳಿದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಡ್ವಾರ್ಫ್‌ನ ವೇಗ 25 ಅಡಿ, ಐದೇ ಚೌಕ. ಭಾರದ ಕವಚದಿಂದ ಅದು ಇನ್ನೂ ಇಳಿಯುವುದಿಲ್ಲ ಅನ್ನುವುದೊಂದೇ ಸಮಾಧಾನ. ಬಯಲಿನಲ್ಲಿ ಕಾಳಗವಾದರೆ ನಾನು ತಲುಪುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಬಾಗಿಲು, ಸೇತುವೆ, ಗುಹೆ ಇದ್ದರೆ ಮಾತ್ರ ಇವನು ರಾಜ. ಭಾರದ ಕವಚ ತೊಡಲು ಹತ್ತು ನಿಮಿಷ ಬೇಕು. ಕಾಳಗದ ಒಂದು ಸುತ್ತು ಆರು ಸೆಕೆಂಡ್, ಅಂದರೆ ನೂರು ಸುತ್ತು. ರಾತ್ರಿ ಬಿಡಾರದ ಮೇಲೆ ದಾಳಿ ಆದರೆ ಗುರಾಣಿಯೊಂದನ್ನೇ ಹಿಡಿದು ಹೊರಗೆ ಬರಬೇಕು, ಆಗ ಆರ್ಮರ್ ಕ್ಲಾಸ್ 13. ಎಲ್ಲಕ್ಕಿಂತ ಅಪಾಯ ಮನಸ್ಸಿನ ಮೇಲೆ ಬೀಳುವ ಮಂತ್ರಗಳದ್ದು. ಮರಗಟ್ಟಿಸುವ ಹೋಲ್ಡ್ ಪರ್ಸನ್ ಮಂತ್ರಕ್ಕೆ ವಿಸ್ಡಮ್ ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಬೇಕು, ಫೈಟರ್‌ಗೆ ಅದರಲ್ಲಿ ತರಬೇತಿಯಿಲ್ಲ. ಒಮ್ಮೆ ಮರಗಟ್ಟಿದರೆ ಪಕ್ಕದಿಂದ ತಗುಲಿದ ಏಟೆಲ್ಲ ಕ್ರಿಟಿಕಲ್, ಅಂದರೆ ಹೆಚ್ಚು ಜೋರಿನದು. ವಿಸ್ಡಮ್‌ಗೆ ಒಳ್ಳೆಯ ಅಂಕ ಕೊಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಎಂಟನೇ ಲೆವೆಲ್‌ಗೆ ಆ ಸೇವ್‌ಗೆ ತರಬೇತಿ ಕೊಡುವ ರೆಸಿಲಿಯಂಟ್ ಫೀಟ್ ತೆಗೆದುಕೊಳ್ಳುತ್ತೇನೆ.

ಖರ್ಚು ಹೆಚ್ಚೇನಿಲ್ಲ: ಪಿಡಿಎಫ್, ಗೆಳೆಯನ ಪುಸ್ತಕ, ಒಂದು ಸೆಟ್ ದಾಳ. ದಾಳ ಕೊಳ್ಳುವಾಗ ಅಂಕೆ ಆಳವಾಗಿ ಕೊರೆದಿದೆಯೇ ನೋಡಿ. ನನ್ನ ಮೊದಲ ಸೆಟ್ಟಿನಲ್ಲಿ ಬಣ್ಣ ಉದುರಿ 6 ಯಾವುದು 9 ಯಾವುದು ತಿಳಿಯದ ಹಾಗೆ ಆಯಿತು.

2024ರ ಪರಿಷ್ಕೃತ ನಿಯಮಗಳನ್ನೂ ಓದಿದ್ದೇನೆ. ಡ್ವಾರ್ಫ್‌ನ ವೇಗ 30 ಆಗಿದೆ, ಲೆವೆಲ್‌ಗೊಂದು ಹೆಚ್ಚಿನ ಹಿಟ್ ಪಾಯಿಂಟ್ ಈಗ ಎಲ್ಲ ಡ್ವಾರ್ಫ್‌ಗಳಿಗೂ ಇದೆ. ರೈತನ ಹಿನ್ನೆಲೆ ಆರಿಸಿಕೊಂಡರೆ ಟಫ್ ಫೀಟ್ ಮೊದಲ ಲೆವೆಲ್‌ನಲ್ಲೇ ಕೈಸೇರಿ ಇನ್ನೆರಡು ಹಿಟ್ ಪಾಯಿಂಟ್ ಕೂಡುತ್ತದೆ. ಲಾಂಗ್‌ಸೋರ್ಡ್ ತಗುಲಿದರೆ ಶತ್ರುವಿನ ಮುಂದಿನ ಏಟಿಗೆ ಡಿಸ್‌ಅಡ್ವಾಂಟೇಜ್. ಪ್ರೊಟೆಕ್ಷನ್ ಅಂತೂ ಒಂದು ಏಟಿಗೆ ಮುಗಿಯುವುದಿಲ್ಲ; ನನ್ನ ಮುಂದಿನ ಸರದಿಯವರೆಗೆ, ನಾನು ಪಕ್ಕದಲ್ಲೇ ಇದ್ದರೆ, ಆ ಜೊತೆಗಾರನ ಮೇಲೆ ಬರುವ ಎಲ್ಲ ಏಟಿಗೂ ಗುರಾಣಿ ಅಡ್ಡ ಇರುತ್ತದೆ. ಈ ಅಭಿಯಾನ ಮುಗಿಯುವವರೆಗೆ ಹಳೇ ನಿಯಮವೇ ಇರಲಿ ಅಂತ ನಮ್ಮ ಗುಂಪು ತೀರ್ಮಾನಿಸಿದೆ. ಆದರೂ ಪ್ರೊಟೆಕ್ಷನ್‌ನ ಹೊಸ ರೂಪವೊಂದನ್ನು ಮಾತ್ರ ಈಗಲೇ ತೆಗೆದುಕೊಳ್ಳೋಣ ಅಂತ ಡಿಎಂ ಹತ್ತಿರ ಕೇಳಿದ್ದೇನೆ. ಒಂದು ಭಾನುವಾರ ಆಡಿ ನೋಡಿ ಹೇಳ್ತೀನಿ ಅಂದಿದ್ದಾನೆ.