ವಿಐಎ ಗುಣ ಸಮೀಕ್ಷೆ: ಮ್ಯಾನೇಜರ್‌ಗಳನ್ನು ತಯಾರು ಮಾಡಲು ಎಷ್ಟು ಉಪಯೋಗ?

ಪುಕ್ಕಟೆ ಸಿಗುತ್ತದೆ, ಹದಿನೈದು ನಿಮಿಷದೊಳಗೆ ಮುಗಿಯುತ್ತದೆ, ಕೊನೆಗೆ ಎಲ್ಲರ ಕೈಗೂ ಒಳ್ಳೆಯ ಗುಣಗಳ ಪಟ್ಟಿಯೇ ಬರುತ್ತದೆ. ಹೊಸ ಟೀಂ ಲೀಡ್‌ಗಳ ತರಬೇತಿಗೆ ವಿಐಎ (ವ್ಯಾಲ್ಯೂಸ್ ಇನ್ ಆ್ಯಕ್ಷನ್) ಸಮೀಕ್ಷೆಯನ್ನು, ಅಂದರೆ ನಮ್ಮಲ್ಲಿ ಯಾವ ಗುಣ ಎದ್ದುಕಾಣುತ್ತದೆ ಎಂದು ನಮ್ಮನ್ನೇ ಕೇಳುವ ಪ್ರಶ್ನಾವಳಿಯನ್ನು, ಆರಿಸಿಕೊಳ್ಳಲು ಎಚ್‌ಆರ್‌ನವರಿಗೆ ಇಷ್ಟು ಸಾಕು. ಮಾತು ಶುರು ಮಾಡಿಸಲು ಇದು ನಿಜಕ್ಕೂ ಒಳ್ಳೆಯ ಸಾಧನ. ಬಂದ ವರದಿಯನ್ನು ಅಂಕಪಟ್ಟಿಯಂತೆ ಓದಿದಾಗಲೇ ಎಡವಟ್ಟು.

ಸಮೀಕ್ಷೆಯ ತಳಹದಿ, ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ 2004ರಲ್ಲಿ ಮುಂದಿಟ್ಟ ವಿಂಗಡಣೆ: ಆರು ಗುಂಪು, ಒಟ್ಟು 24 ಗುಣ. ಆನ್‌ಲೈನ್‌ನಲ್ಲಿ ವಯಸ್ಕರಿಗೆ ಸಿಗುವ ಆವೃತ್ತಿಯಲ್ಲಿ 96 ಹೇಳಿಕೆಗಳಿವೆ (ಮೂಲದಲ್ಲಿ 240 ಇದ್ದವು). ಪ್ರತಿಯೊಂದಕ್ಕೂ ‘ನನಗೆ ತುಂಬಾ ಹೊಂದುತ್ತದೆ’ಯಿಂದ ‘ಸ್ವಲ್ಪವೂ ಹೊಂದುವುದಿಲ್ಲ’ದವರೆಗೆ ಐದು ಆಯ್ಕೆ. ಮುಗಿದ ಮೇಲೆ 24 ಗುಣಗಳೂ ಒಂದರ ಕೆಳಗೊಂದು ಸಾಲಾಗಿ ಬರುತ್ತವೆ.

ಈ ಸಾಲು ನಿಮ್ಮದೇ ಗುಣಗಳ ನಡುವಿನ ಹೋಲಿಕೆ, ಬೇರೆಯವರೊಂದಿಗಿನದಲ್ಲ. ಒಬ್ಬರ ಪಟ್ಟಿಯಲ್ಲಿ ಪ್ರಾಮಾಣಿಕತೆ ಎರಡನೆಯದು, ಇನ್ನೊಬ್ಬರದರಲ್ಲಿ ಒಂಬತ್ತನೆಯದು ಎಂದರೆ ಎರಡನೆಯವರು ಸುಳ್ಳುಗಾರರೆಂದಲ್ಲ. ಪಟ್ಟಿಯ ಕೆಳಗಿರುವುದು ದೌರ್ಬಲ್ಯವೆಂದೂ ಅಲ್ಲ. ಅದೂ ಅಲ್ಲದೆ ದಯೆ, ಪ್ರಾಮಾಣಿಕತೆ, ನ್ಯಾಯಬುದ್ಧಿ ಬಹಳ ಜನರ ಪಟ್ಟಿಯಲ್ಲಿ ಮೇಲೆಯೇ ಇರುತ್ತವೆ. ಆತ್ಮಸಂಯಮ, ವಿನಯ, ಮುಂದಾಲೋಚನೆ ಕೆಳಗೆ. ‘ನಮ್ಮ ಮ್ಯಾನೇಜರ್‌ಗಳಿಗೆಲ್ಲ ಸಂಯಮ ಕಮ್ಮಿ’ ಎಂದು ಸ್ಲೈಡ್ ಮಾಡಿ ತೋರಿಸುವ ಮೊದಲು ಇದು ಗೊತ್ತಿರಬೇಕು.

ಮತ್ತೊಂದು ಗೊಂದಲ: 24ರಲ್ಲಿ ‘ನಾಯಕತ್ವ’ವೂ ಒಂದು. ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಲಿ ಅದರ ಅರ್ಥ ಗುಂಪನ್ನು ಸಂಘಟಿಸಿ, ಸಂಬಂಧ ಕೆಡದಂತೆ ಕೆಲಸ ಮಾಡಿಸುವ ಒಲವು, ಅಷ್ಟೇ. ಅದು 18ನೇ ಸ್ಥಾನದಲ್ಲಿದ್ದರೂ ವಿವೇಚನೆ, ಧೈರ್ಯ, ನ್ಯಾಯಬುದ್ಧಿಯ ಬಲದಿಂದಲೇ ತಂಡವನ್ನು ಚೆನ್ನಾಗಿ ನಡೆಸಬಹುದು.

ಸಮೀಕ್ಷೆಯ ದೊಡ್ಡ ಕೊರತೆ, ಗುಣ ಅತಿಯಾದಾಗ ಏನಾಗುತ್ತದೆ ಎಂಬುದು ಈ ಸಾಲಿನಲ್ಲಿ ಕಾಣಿಸುವುದೇ ಇಲ್ಲ. ಅತಿಯಾದರೆ ಅಮೃತವೂ ವಿಷ. ದಯೆಯೇ ಮೊದಲ ಸ್ಥಾನದಲ್ಲಿರುವ ಮ್ಯಾನೇಜರ್ ಒಬ್ಬರನ್ನು ನೋಡಿ. ಮೂರು ಸಲ ಕೆಲಸ ತಡಮಾಡಿದವನ ಅಪ್ರೈಸಲ್‌ನಲ್ಲಿ ‘ಒಟ್ಟಾರೆ ಚೆನ್ನಾಗಿದೆ, ಇನ್ನು ಸ್ವಲ್ಪ ಗಮನ ಇರಲಿ’ ಎಂದು ಬರೆಯುತ್ತಾರೆ. ಆತ ಖುಷಿಯಾಗಿಯೇ ಎದ್ದು ಹೋಗುತ್ತಾನೆ. ತಡವಾದದ್ದನ್ನು ರಾತ್ರಿ ಕೂತು ಸರಿಮಾಡಿದ ಸಹೋದ್ಯೋಗಿಗೆ ಇದು ದಯೆಯಾಗಿ ಕಾಣುವುದಿಲ್ಲ. ಮುಂದೆ ಬಡ್ತಿ ಕೈತಪ್ಪಿದಾಗ ‘ಆಗಲೇ ಯಾಕೆ ಹೇಳಲಿಲ್ಲ?’ ಎಂದು ತಡಮಾಡಿದವನೂ ಕೇಳುತ್ತಾನೆ. ದಯೆ ಕಡಿಮೆ ಮಾಡಿಕೊಳ್ಳಿ ಎನ್ನುವುದು ಪರಿಹಾರವಲ್ಲ, ಅದರ ಪಕ್ಕ ಧೈರ್ಯವೂ ನ್ಯಾಯವೂ ಬಂದು ನಿಲ್ಲಬೇಕು. ಯಾವ ಕೆಲಸ, ಎಷ್ಟು ದಿನ ತಡ, ಅದರಿಂದ ಯಾರಿಗೆ ತೊಂದರೆ ಎಂಬುದನ್ನು ಎದುರು ಕೂತು ಹೇಳಿ, ಆಮೇಲೆ ‘ನನ್ನಿಂದ ಏನು ಸಹಾಯ ಬೇಕು’ ಎಂದು ಕೇಳಿದರೆ ಮೂರೂ ಜೊತೆಗಿರುತ್ತವೆ.

ಈ ಲೆಕ್ಕದಲ್ಲಿ ಕೆನಡಾದ ಐವಿ ಬಿಸಿನೆಸ್ ಸ್ಕೂಲ್‌ನ ನಾಯಕ ಗುಣಗಳ ಚೌಕಟ್ಟು ಕಚೇರಿಗೆ ಹೆಚ್ಚು ಒಗ್ಗುತ್ತದೆ. ಅದರಲ್ಲಿ ಇರುವುದು 11 ಆಯಾಮ. ನಟ್ಟನಡುವೆ ವಿವೇಚನೆ, ಸುತ್ತ ಧೈರ್ಯ, ಸಂಯಮ, ವಿನಯ, ಹೊಣೆಗಾರಿಕೆಯಂಥ ಹತ್ತು. ಉಳಿದವುಗಳ ಆಸರೆಯಿಲ್ಲದೆ ಒಂದೇ ಗುಣ ಬೆಳೆದರೆ ದೋಷವಾಗುತ್ತದೆ ಎಂಬುದು ಅದರ ಮುಖ್ಯ ವಾದ. ಅದರ ಮೇಲೆ ಕಟ್ಟಿದ ಮೌಲ್ಯಮಾಪನಕ್ಕೆ 360 ಡಿಗ್ರಿ ರೂಪವೂ ಇದೆ, ಅಂದರೆ ಜೊತೆಗಿರುವವರೂ ಉತ್ತರಿಸುತ್ತಾರೆ. ದುಡ್ಡು ಕೊಡಬೇಕು.

ಪುಕ್ಕಟೆ ಸಮೀಕ್ಷೆಯಲ್ಲೇ ಕೆಲಸ ಸಾಗಿಸುವುದಾದರೆ ಆ ಹೊರಗಿನ ಕಣ್ಣನ್ನು ನೀವೇ ಸೇರಿಸಬೇಕು. ಉತ್ತರಿಸುವಾಗ ಕಳೆದ ಎರಡು ತಿಂಗಳ ಕೆಲಸವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳಿ, ಇಲ್ಲವಾದರೆ ಆಗಬಯಸುವ ವ್ಯಕ್ತಿಯೇ ಉತ್ತರ ಬರೆಯುತ್ತಾನೆ. ಫಲಿತಾಂಶ ಯಾರಿಗೂ ತೋರಿಸದೆ, 24 ಗುಣಗಳ ಖಾಲಿ ಪಟ್ಟಿಯನ್ನು ಮೇಲಧಿಕಾರಿ, ಸಮಾನ ಹುದ್ದೆಯವರು, ಕೈಕೆಳಗಿನವರು ಹೀಗೆ ನಾಲ್ಕೈದು ಜನರಿಗೆ ಕೊಡಿ. ಅವರು ನಿಮ್ಮಲ್ಲಿ ಕಂಡ ಐದು ಗುಣ ಗುರುತಿಸಿ, ಪ್ರತಿಯೊಂದಕ್ಕೂ ಒಂದು ಘಟನೆ ಬರೆಯಲಿ. ಘಟನೆ ಇಲ್ಲದ ಹೊಗಳಿಕೆಯನ್ನು ಪಕ್ಕಕ್ಕಿಡಿ. ನೀವು ಮೇಲಿಟ್ಟ ಗುಣ ಅವರ ಯಾರ ಪಟ್ಟಿಯಲ್ಲೂ ಇಲ್ಲದಿದ್ದರೆ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಅಲ್ಲಿಂದ ಒಂದೇ ಗುಣ ಆರಿಸಿ, ಕಣ್ಣಿಗೆ ಕಾಣುವ ನಡೆಯಾಗಿ ಬರೆಯಿರಿ. ‘ಹೆಚ್ಚು ವಿನಯದಿಂದಿರುತ್ತೇನೆ’ ಎಂದು ಬರೆದರೆ ಪರೀಕ್ಷಿಸಲಾಗದು. ‘ಸೋಮವಾರದ ಮೀಟಿಂಗ್‌ನಲ್ಲಿ ನನ್ನ ಅಭಿಪ್ರಾಯ ಕೊನೆಗೆ’ ಎಂದರೆ ಆಗುತ್ತದೆ. ಆರರಿಂದ ಎಂಟು ವಾರ ಬಿಟ್ಟು ಅದೇ ಜನರನ್ನು ಆ ಒಂದು ನಡೆಯ ಬಗ್ಗೆ ಮಾತ್ರ ಕೇಳಿ. ಡೆಡ್‌ಲೈನ್ ತಲೆ ಮೇಲಿದ್ದ ವಾರದಲ್ಲಿ ಅದು ಉಳಿಯಿತೇ ಎಂದು ಬೇರೆಯಾಗಿ ವಿಚಾರಿಸಿ. ಎಲ್ಲ ಸರಿಯಿದ್ದಾಗಿನ ವಿನಯ ಲೆಕ್ಕಕ್ಕಿಲ್ಲ.

ವಿಐಎಯಲ್ಲಿ ಹಣ ಕೊಟ್ಟು ಪಡೆಯುವ ವಿವರವಾದ ವರದಿಗಳೂ ಇವೆ. ಈ ಸುತ್ತು ಒಮ್ಮೆ ಮುಗಿಯುವವರೆಗೆ ಅವು ಬೇಡ. ಬಡ್ತಿಗಾಗಲಿ ನೇಮಕಾತಿಗಾಗಲಿ ಫಲಿತಾಂಶವನ್ನು ಬಳಸಲೇಬಾರದು. ಪ್ರತಿ ಹೇಳಿಕೆಗೂ ‘ಒಳ್ಳೆಯ’ ಉತ್ತರ ಯಾವುದೆಂದು ಓದಿದ ಕೂಡಲೇ ತಿಳಿಯುತ್ತದೆ, ಕುರ್ಚಿ ಸಿಗುವುದಾದರೆ ಅದನ್ನೇ ಒತ್ತುತ್ತಾರೆ. ವರದಿ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಲಿಂಕ್ ಕಳಿಸುವ ಮೊದಲೇ ತಂಡಕ್ಕೆ ಬರವಣಿಗೆಯಲ್ಲಿ ತಿಳಿಸಿ.